ನಾನು ನೋಡಿದ ಬಾಳೆ ಮೀನು

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಅಂದಾಜು, ಸುಮಾರು, ಹೆಚ್ಚುಕಡಿಮೆ ಎಂಬ ಮಾತು ಕೇಳಿದರೆ ಈಗಲೂ ಮೈ ಉರಿಯುತ್ತದೆ. ಹೆಂಡತಿ ಸ್ವಲ್ಪ ಉಪ್ಪು ಹಾಕಿರಿ ಅಂದರೆ ಎಷ್ಟು ಚಮಚ ಎಂದು ಕೇಳಿ ಬೈಸಿಕೊಂಡಿದ್ದೇನೆ. ಇಂಥ ನಾನು ಜೀವನದಲ್ಲಿ ಒಂದೇ ಒಂದು ಸಲ ಅಳತೆಯಲ್ಲಿ ಸುಳ್ಳು ಹೇಳಿದೆ, ಅದೂ ಮೀನಿನ ಅಳತೆಯಲ್ಲಿ. ಗಾಳ ಹಾಕುವವರು ಮೀನನ್ನು ಉದ್ದ ಮಾಡಿ ಹೇಳುತ್ತಾರೆಂದು ಲೋಕವೆಲ್ಲ ನಗುತ್ತದೆ. ನಾನು ಗಿಡ್ಡ ಮಾಡಿ ಹೇಳಿದೆ. ಆ ಮೀನು ನನ್ನದಲ್ಲ, ಗೆಳೆಯನದು.

ಗಾಳದ ಕೆಲಸ ನನಗೆ ಬಂದದ್ದು ಅಪ್ಪನಿಂದ. ಅವನು ಮಾನ್ವಿ ಕಡೆ ಕಾಲುವೆಯ ಹೂಳೆತ್ತುವ ಕೂಲಿಗೆ ಹೋಗುತ್ತಿದ್ದ. ಸಂಜೆ ಬರುವಾಗ ಕಟ್ಟಿಗೆಯೊಂದಕ್ಕೆ ದಾರ ಕಟ್ಟಿ ಹಿಡಿದ ನಾಲ್ಕು ಮೀನು ತರುತ್ತಿದ್ದ. ಅವನಿಗೆ ಅದು ಊಟಕ್ಕೆ ಸಾರು. ನನಗೆ ನೌಕರಿ ಸಿಕ್ಕು, ಮೀನನ್ನು ಪೇಟೆಯಿಂದಲೇ ತರುವಂತಾದ ಮೇಲೆ ಅದೇ ಕೆಲಸ ಚಟವಾಯಿತು. ಸಾರಿನ ಮೀನು ಬೇಡವಾಗಿ ದೊಡ್ಡದು ಬೇಕಾಯಿತು. ನಮ್ಮ ಹೊಳೆಗಳಲ್ಲಿ ದೊಡ್ಡದು ಅಂದರೆ ಬಾಳೆ ಮೀನು. ಹುರುಪೆಯಿಲ್ಲದ ನುಣುಪು ಮೈ, ಎರಡು ಉದ್ದ ಮೀಸೆ, ಕೆನ್ನೆಯ ತನಕ ಸೀಳಿದ ಬಾಯಿ. ಬೇರೆ ಮೀನುಗಳನ್ನು ನುಂಗಿಕೊಂಡು ಆಳದ ಮಡುವಿನಲ್ಲಿ ಬಿದ್ದಿರುತ್ತದೆ. ಹತ್ತು ಸಲ ಹೋದರೆ ಒಂಬತ್ತು ಸಲ ಬರಿಗೈಯಲ್ಲಿ ಕಳಿಸುತ್ತದೆ.

ಇಂಥ ಹುಚ್ಚು ಹಿಡಿದವರು ರಾಯಚೂರಿನಲ್ಲಿ ಇನ್ನೂ ಐದಾರು ಜನ ಇದ್ದರು. ಗುರುವಾರ ಸಂಜೆ ತೀನ್ ಕಂದೀಲ್ ಹತ್ತಿರದ ಒಂದು ಚಹಾದಂಗಡಿಯಲ್ಲಿ ಕೂಡುತ್ತಿದ್ದೆವು. ರೈಲ್ವೆಯಿಂದ ನಿವೃತ್ತರಾದ ಒಬ್ಬರು ನಮಗೆಲ್ಲ ಹಿರಿಯರು. ಅವರು ಒಂದು ಕಟ್ಟಳೆ ಹಾಕಿದ್ದರು: ತನ್ನ ಮೀನನ್ನು ತಾನು ಹೇಳಬಾರದು. ಹಿಡಿದವನು ಬಾಯಿ ಮುಚ್ಚಿಕೊಂಡು ಚಹಾ ಕುಡಿಯಬೇಕು, ಜೊತೆಯಲ್ಲಿದ್ದವನು ಎದ್ದು ಅದರ ಉದ್ದ, ತೂಕ, ಎಳೆದಾಟ ಎಲ್ಲ ಹೇಳಬೇಕು. ದಾರ ಹರಿದು ಹೋದ ಮೀನಿಗೂ ಇದೇ ನ್ಯಾಯ. ಜೊತೆಗಾರ ಕಂಡೆ ಎಂದರೆ ಅದು ಉಂಟು, ಕಾಣಲಿಲ್ಲ ಎಂದರೆ ಇಲ್ಲ. ಕೋಲು ಯಾರದೇ ಇರಲಿ, ಎತ್ತಿದವನದೇ ಮೀನು. ಹಿಡಿದವನನ್ನು ಯಾರಾದರೂ ಹೊಗಳಿದರೆ ಅವನು, 'ನಂದೇನಿಲ್ರೀ, ಎಲ್ಲಾ ಇವರದ' ಎಂದು ಜೊತೆಗಾರನ ಕಡೆ ಕೈ ತೋರಿಸುವುದು ನಮ್ಮಲ್ಲಿ ರಿವಾಜು. ಅದನ್ನು ಯಾರೂ ನಂಬುತ್ತಿರಲಿಲ್ಲ, ನಂಬಬೇಕಾಗಿಯೂ ಇರಲಿಲ್ಲ.

"ತನ್ನ ಮೀನ ತಾನ ಹೊಗಳೂದಂದ್ರ ಬೆಕ್ಕು ಹಾಲಿನ ಕಾವಲಾ ಕುಂತಂಗ," ಎನ್ನುತ್ತಿದ್ದರು ಹಿರಿಯರು. ಆ ಮಾತು ನನಗೆ ಬಹಳ ಹಿಡಿಸಿತ್ತು. ಸಾಕ್ಷಿ ಹೇಳುವುದರಲ್ಲಿ ನನ್ನನ್ನು ಮೀರಿಸುವವರು ಯಾರೂ ಇರಲಿಲ್ಲ. ಮಾಸ್ತರ ಎರಡೂವರೆ ಫೂಟು ಅಂದರೆ ಎರಡೂವರೆಯೇ, ಅದರಲ್ಲಿ ಒಂದು ಬೆರಳು ಹೆಚ್ಚಿಲ್ಲ ಎಂದು ಎಲ್ಲರೂ ಒಪ್ಪುತ್ತಿದ್ದರು. ಅದರಿಂದ ನನಗೆ ಸ್ವಲ್ಪ ಕೊಬ್ಬೂ ಬಂದಿತ್ತು.

ಗೆಳೆಯ ಸಿಕ್ಕದ್ದು ದೇವದುರ್ಗದಲ್ಲಿ. ಅಲ್ಲಿಯ ಹೈಸ್ಕೂಲಿಗೆ ವರ್ಗವಾಗಿ ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ. ಒಂದು ದಿನ ಹೆಂಡತಿಯೂ ಜೊತೆಗೆ ಬಂದಿದ್ದಳು, ಬಳೆ ಬೇಕೆಂದಳು. ಅಂಗಡಿಯವರು ಸಣಕಲು ಮೈಯ ಸಾಬರು, ನನ್ನಷ್ಟೇ ವಯಸ್ಸು. ಅವಳ ಕೈಯನ್ನು ಒಮ್ಮೆ ಒತ್ತಿ ನೋಡಿ, ಅಳತೆ ಕೇಳದೆ, ಎರಡು ಡಜನ್ ಹಸಿರು ಬಳೆಗಳನ್ನು ಒಂದೂ ಒಡೆಯದಂತೆ ಏರಿಸಿದರು. ನಾನು ಬೆರಗಾಗಿ ನೋಡುತ್ತಿದ್ದರೆ ಅವರು ನನ್ನ ಬಲಗೈ ತೋರುಬೆರಳನ್ನು ನೋಡುತ್ತಿದ್ದರು. ಅಲ್ಲಿ ನೈಲಾನ್ ದಾರ ಕೊಯ್ದ ಗಾಯವಿತ್ತು.

"ಯಾವ ಮಡುವಿನ್ಯಾಗ ಹಾಕ್ತೀರಿ?" ಎಂದರು.

ಹೆಂಡತಿ ಇವತ್ತಿಗೂ ಹೇಳುತ್ತಾಳೆ, ಬಳೆ ತೊಡಿಸಿದ್ದು ನನಗೆ, ಲಗ್ನ ಆದದ್ದು ಅವರಿಬ್ಬರದು ಎಂದು. ಸುಳ್ಳಲ್ಲ. ಮುಂದಿನ ಭಾನುವಾರದಿಂದಲೇ ನಾವಿಬ್ಬರೂ ಕೃಷ್ಣೆಯ ದಂಡೆಗೆ ಹೋಗತೊಡಗಿದೆವು. ನಾನು ಮೊದಲ ಬಸ್ಸಿಗೆ ಬರುವ ಹೊತ್ತಿಗೆ ಅವರು ಮೋಟಾರ್ ಸೈಕಲ್ ಹಿಡಿದು ನಿಂತಿರುತ್ತಿದ್ದರು. ನನ್ನ ಗಂಟಿನಲ್ಲಿ ಜೋಳದ ರೊಟ್ಟಿ, ಶೇಂಗಾ ಚಟ್ನಿ. ಅವರ ಡಬ್ಬಿಯಲ್ಲಿ ಖಿಚಡಿ, ಹುಳಿ ಸಾರು. ನಮಾಜಿನ ಹೊತ್ತಿಗೆ ಅವರು ಬಂಡೆಯ ಮೇಲೆ ಟವೆಲ್ ಹಾಸಿದರೆ ಅವರ ಕೋಲು ನನ್ನ ಕಾವಲಿನಲ್ಲಿ. ನಾನು ತಂಬಿಗೆ ಹಿಡಿದು ಜಾಲಿಗಿಡದ ಮರೆಗೆ ಹೋದರೆ ನನ್ನ ಕೋಲು ಅವರ ಕಾವಲಿನಲ್ಲಿ. ಮಾತು ಕಡಿಮೆ. ಹೊಳೆಯಲ್ಲಿ ಮೊಸಳೆ ತಲೆ ಎತ್ತಿದರೆ ಅವರು ಗಲ್ಲ ಎತ್ತಿ ತೋರಿಸುತ್ತಿದ್ದರು, ನಾನು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಹಾಗೆ ಎಂಟು ವರ್ಷ ಕಳೆದೆವು. ಮನುಷ್ಯನಿಗೆ ಒಂದು ಜನ್ಮದಲ್ಲಿ ಅಷ್ಟು ಸುಖ ಸಿಕ್ಕರೆ ಸಾಕು. ಅದು ಸುಖ ಅಂತ ಆಗ ನನಗೆ ಗೊತ್ತಿರಲಿಲ್ಲ.

ಬೇಸಿಗೆ ಶುರುವಾಗಿ ಹೊಳೆ ಇಳಿದ ಒಂದು ಭಾನುವಾರ ಆ ಮೀನು ಬಿತ್ತು. ಬೆಳಿಗ್ಗೆ ನನ್ನ ಗಾಳಕ್ಕೆ ಒಂದು ಗೇಣಿನ ಜೀವಂತ ಮೀನು ಚುಚ್ಚಿ ಮಡುವಿಗೆ ಎಸೆದು, ತಂಬಿಗೆ ಹಿಡಿದು ದಂಡೆ ಏರಿದೆ. ಅಷ್ಟರಲ್ಲಿ ಕೆಳಗಿನಿಂದ ಅವರ ಕೂಗು ಕೇಳಿತು. ತಂಬಿಗೆ ಅಲ್ಲೇ ಬಿಟ್ಟು ಓಡಿ ಬಂದೆ. ನನ್ನ ಕೋಲು ಅವರ ಕೈಯಲ್ಲಿತ್ತು, ತುದಿ ನೀರಿಗೆ ಮುಟ್ಟುವಷ್ಟು ಬಾಗಿತ್ತು, ರೀಲು ಕಿರ್ರನೆ ಬಿಚ್ಚುತ್ತಿತ್ತು.

"ಹಿಡೀರಿ ಮಾಸ್ತರ, ನಿಮ್ಮ ಕೋಲು ಇದು," ಎಂದು ನನ್ನ ಕಡೆ ಚಾಚಿದರು.

ಆಗ ಇಸಿದುಕೊಂಡಿದ್ದರೆ ಕಥೆಯೇ ಮುಗಿಯುತ್ತಿತ್ತು. ಆದರೆ ನನ್ನ ದೊಡ್ಡಸ್ತಿಕೆ ಎಲ್ಲಿ ಹೋಗಬೇಕು? "ಬ್ಯಾಡ್ರೀ ಸಾಬ್ರೇ. ಎತ್ತಿದವ್ರು ನೀವು. ನೀವ ಆಡಸ್ರಿ," ಎಂದೆ. ಬಾಯಿ ಹಾಗೆಂದಿತು. ಹೊಟ್ಟೆಯೊಳಗೆ ಅದೇ ಕ್ಷಣಕ್ಕೆ ಬೆಂಕಿ ಬಿತ್ತು. ಎಂಟು ವರ್ಷ ಕಾದ ಮೀನು, ನಾನು ಚುಚ್ಚಿದ ಎರೆ, ನನ್ನ ಕೋಲು. ನಾನು ತಂಬಿಗೆ ಹಿಡಿದು ಹೋದ ಐದು ನಿಮಿಷದಲ್ಲಿ ಬರಬೇಕೆ?

ಒಂದು ತಾಸಿಗಿಂತ ಹೆಚ್ಚು ಹೊತ್ತು ಅವರು ಅದನ್ನು ಆಡಿಸಿದರು. ಬಳೆ ತೊಡಿಸುವ ಕೈ, ಎಲ್ಲಿ ಬಿಗಿ ಹಿಡಿಯಬೇಕು ಎಲ್ಲಿ ಸಡಿಲ ಬಿಡಬೇಕು ಎಂದು ಅದಕ್ಕೆ ಗೊತ್ತಿತ್ತು. ನಾನಾಗಿದ್ದರೆ ಮೊದಲ ಎಳೆತಕ್ಕೇ ದಾರ ಹರಿಯುತ್ತಿತ್ತು, ಇದನ್ನು ಈಗ ಒಪ್ಪುತ್ತೇನೆ. ಕೊನೆಗೆ ಮೀನು ಸೋತು ದಂಡೆಯ ತೆಳುನೀರಿಗೆ ಬಂತು. ನಾನು ಮೊಣಕಾಲುದ್ದ ನೀರಿನಲ್ಲಿ ಅದರ ಪಕ್ಕ ನಿಂತಿದ್ದೆ. ನೀರು ಗಾಜಿನಂತಿತ್ತು. ಎರಡು ಬಂಡೆಗಳ ನಡುವೆ ಅದು ಉದ್ದಕ್ಕೆ ಮಲಗಿತ್ತು, ಮೂತಿ ಈ ಬಂಡೆಗೆ ತಾಗಿತ್ತು, ಬಾಲದ ತುದಿ ಆ ಬಂಡೆಗೆ. ನನಗಿಂತ ಉದ್ದ. ಅದರ ಸಣ್ಣ ಕಣ್ಣು ನನ್ನನ್ನೇ ನೋಡಿದಂತಾಯಿತು. ನಾನು ಬಗ್ಗಿ ಕಿವಿರಿಗೆ ಕೈ ಹಾಕಬೇಕು, ಅಷ್ಟರಲ್ಲಿ ಅದು ಒಮ್ಮೆ ಮೈ ತಿರುವಿತು. ದಾರ ಬಂಡೆಯ ಅಂಚಿಗೆ ಸಿಕ್ಕು ಹರಿಯಿತು. ನೀರು ಒಮ್ಮೆ ಉಬ್ಬಿ ಇಳಿಯಿತು.

ಅವರು ನೀರಿನಲ್ಲೇ ಕುಸಿದು ಕುಳಿತು ನಗತೊಡಗಿದರು. ಲುಂಗಿ ಎಲ್ಲ ತೊಯ್ದಿತ್ತು. "ಹೋತು ಬಿಡ್ರಿ, ಅದರ ನಸೀಬು ದೊಡ್ಡದು. ನೋಡಿದ್ರಿಲ್ಲ ಮಾಸ್ತರ? ನೀವು ನೋಡಿದ್ರಿಲ್ಲ?"

"ನೋಡ್ದೆ," ಎಂದೆ.

"ಸಾಕು," ಎಂದರು.

ಗುರುವಾರ ಬಂತು. ಅವರು ವಾರಕ್ಕೊಮ್ಮೆ ಬಳೆ ಖರೀದಿಗೆ ರಾಯಚೂರಿಗೆ ಬರುತ್ತಿದ್ದುದೂ ಗುರುವಾರವೇ. ಸುದ್ದಿ ಹೇಗೋ ಮೊದಲೇ ತಲುಪಿತ್ತು. ನಾನು ಅಂಗಡಿಗೆ ಹೋಗುವಷ್ಟರಲ್ಲಿ ಎಲ್ಲರೂ ಅವರನ್ನು ಸುತ್ತುಗಟ್ಟಿದ್ದರು. ಕಟ್ಟಳೆಯಂತೆ ಅವರು ತುಟಿ ಬಿಚ್ಚಿರಲಿಲ್ಲ. "ನಂದೇನಿಲ್ರೀ, ಎಲ್ಲಾ ಮಾಸ್ತರದ," ಎಂದಷ್ಟೇ ಹೇಳಿ ಮದುಮಗನ ಹಾಗೆ ತಲೆ ತಗ್ಗಿಸಿ ಕುಳಿತಿದ್ದರು. ಮುಖ ಹೊಳೆಯುತ್ತಿತ್ತು. ಹಿರಿಯರು ನನ್ನ ಕಡೆ ತಿರುಗಿ, "ಹೇಳ್ರಿ ಮಾಸ್ತರ, ಎಷ್ಟುದ್ದ ಇತ್ತು?" ಎಂದರು.

ನಾನು ಗೆಳೆಯನ ಹೊಳೆಯುವ ಮುಖ ನೋಡಿದೆ. "ನೀರು ರಾಡಿ ಇತ್ರೀ. ನನಗ ಪೂರಾ ಕಾಣ್ಲಿಲ್ಲ. ಅಂದಾಜು ಒಂದ್ ಮೂರು ಫೂಟ್ ಇರಬಹುದು," ಎಂದೆ.

ಅಂದಾಜು ಎಂಬ ಮಾತು ನನ್ನ ಬಾಯಿಂದ ಬಂತು. ಯಾರೂ ಅದನ್ನು ಗಮನಿಸಲಿಲ್ಲ. ಮಾಸ್ತರ ಹೇಳಿದ ಮೇಲೆ ಅಳತೆ ಮುಗಿಯಿತು. ಆಟೋ ಓಡಿಸುವವನೊಬ್ಬ ಗೆಳೆಯನ ಬೆನ್ನು ತಟ್ಟಿ, "ಮೂರು ಫೂಟಿಗೆ ಒಂದು ತಾಸ ಕುಸ್ತಿ ಏನ್ರೀ ಸಾಬ್ರೇ? ಮೀನು ಜಗ್ಗಿತೋ, ಬಂಡೆಗಲ್ಲು ಜಗ್ಗಿತೋ?" ಎಂದ. ಎಲ್ಲರೂ ನಕ್ಕರು. ಕೆಟ್ಟ ನಗೆಯೇನಲ್ಲ, ದಿನದ ನಗೆಯೇ. ನಾನೂ ನಕ್ಕೆ.

ಗೆಳೆಯ ನನ್ನನ್ನು ನೋಡಿದರು. ಸಿಟ್ಟಿನಿಂದ ನೋಡಿದ್ದರೆ ಸಹಿಸಬಹುದಿತ್ತು. ಏನೋ ಮರೆತವನಿಗೆ ನೆನಪಾಗಲಿ ಎಂದು ಕಾಯುವ ಹಾಗೆ ನೋಡಿದರು. ತಮ್ಮ ಮೀನು ತಾವು ಹೇಳುವಂತಿಲ್ಲ. ಚಹಾ ಮುಗಿಸಿ, "ಮಾಸ್ತರ ಹೇಳಿದ್ ಮ್ಯಾಲ ಮುಗೀತ್ರೀ," ಎಂದು ಬಳೆಯ ಪೆಟ್ಟಿಗೆ ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದರು. ಮತ್ತೆ ಆ ಚಹಾದಂಗಡಿಗೆ ಬರಲಿಲ್ಲ.

ಮುಂದಿನ ಭಾನುವಾರ ನಾನು ದೇವದುರ್ಗದಲ್ಲಿ ಇಳಿಯದೆ ಬೇರೆ ದಾರಿಯಿಂದ ಒಬ್ಬನೇ ಆ ಮಡುವಿಗೆ ಹೋದೆ. ಶಾಲೆಯ ಟೇಪು ಜೇಬಿನಲ್ಲಿತ್ತು. ಆ ಎರಡು ಬಂಡೆಗಳ ನಡುವಿನ ಅಂತರ ಅಳೆದೆ. ನಾನು ಹೇಳಿದ ಸುಳ್ಳು ಕಣ್ಣಿಗೆ ಕಂಡಷ್ಟು ದೊಡ್ಡದಿರಲಾರದು, ನಾಲ್ಕು ಅಡಿ, ಹೆಚ್ಚೆಂದರೆ ನಾಲ್ಕೂವರೆ ಬರಲಿ ಎಂದು ದೇವರನ್ನು ಬೇಡಿಕೊಂಡು ಅಳೆದೆ. ಆರು ಅಡಿ ಒಂದು ಇಂಚು. ಎರಡನೇ ಸಲ ಅಳೆದೆ. ಅಷ್ಟೇ ಬಂತು.

ಅವತ್ತೇ ದೇವದುರ್ಗಕ್ಕೆ ಹೋಗಿ ಕಾಲು ಹಿಡಿಯಬಹುದಿತ್ತು. ಅಂಗಡಿ ಶಾಲೆಯಿಂದ ಹತ್ತು ನಿಮಿಷದ ದಾರಿ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂಬ ಗಾದೆ ನನಗೆ ನೆಪವಾಯಿತು. ಅವರೇ ಬರಲಿ, ಬಂದು ಜಗಳವಾಡಲಿ ಎಂದುಕೊಂಡೆ. ಅವರು ಬರಲಿಲ್ಲ. ನಾನು ಆ ಬೀದಿ ಬಿಟ್ಟು ಬೇರೆ ಬೀದಿಯಿಂದ ಶಾಲೆಗೆ ಹೋಗತೊಡಗಿದೆ. ಮರುವರ್ಷ ಕೇಳಿಕೊಂಡು ನೀರಮಾನ್ವಿಯ ಶಾಲೆಗೆ ವರ್ಗ ಮಾಡಿಸಿಕೊಂಡೆ. ಹೆಂಡತಿ ಮಾನ್ವಿಯ ಆಸ್ಪತ್ರೆಯಲ್ಲಿ ನರ್ಸ್. ಅವಳಿಗಾಗಿ ಬಂದೆ ಎಂದು ಎಲ್ಲರಿಗೂ ಹೇಳಿದೆ.

ಆಮೇಲೆ ತುಂಗಭದ್ರೆಯ ದಂಡೆಯಲ್ಲಿ ಒಬ್ಬನೇ ಕೂತೆ. ಒಬ್ಬನೇ ಗಾಳ ಹಾಕುವುದು ಎಂಥದೆಂದು ಹಾಕಿದವರಿಗೇ ಗೊತ್ತು. ನಮಾಜಿನ ಹೊತ್ತಾದರೆ ತಾನಾಗಿ ಪಕ್ಕದ ಬಂಡೆಯ ಕಡೆ ಕಣ್ಣು ಹೋಗುತ್ತಿತ್ತು. ಬುತ್ತಿ ಬಿಚ್ಚಿದರೆ ರೊಟ್ಟಿ ಎರಡು ಹೆಚ್ಚೇ ಇರುತ್ತಿದ್ದವು, ಕಟ್ಟುವ ಕೈಗೆ ಇನ್ನೂ ಗೊತ್ತಾಗಿರಲಿಲ್ಲ. ಒಂದು ಶ್ರಾವಣದಲ್ಲಿ ನಾಲ್ಕು ಅಡಿಯ ಬಾಳೆ ಮೀನು ಬಿತ್ತು. ನನ್ನ ಜೀವಮಾನದಲ್ಲಿ ನಾನೇ ಎತ್ತಿದ ದೊಡ್ಡ ಮೀನು. ದಂಡೆಗೆ ಎಳೆದು ಹಾಕಿ ಆ ಕಡೆ ಈ ಕಡೆ ನೋಡಿದೆ. ದೂರದಲ್ಲಿ ಎಮ್ಮೆಗಳಿದ್ದವು. ಗಾಳ ಬಿಡಿಸಿ ಮೀನನ್ನು ಹೊಳೆಗೇ ಬಿಟ್ಟು ಮನೆಗೆ ಬಂದೆ.

ಮುಖ ನೋಡಿ ಹೆಂಡತಿಗೆ ಗೊತ್ತಾಯಿತು. ಮೀನಿನ ಮಾತು ಎಂದೂ ಕೇಳದವಳು ಅವತ್ತು ಕನಿಕರಪಟ್ಟು, "ಎಷ್ಟುದ್ದ ಇತ್ತು?" ಎಂದಳು.

"ನನ್ನ ಬಾಯಿಂದ ಹೇಳಂಗಿಲ್ಲ," ಎಂದೆ.

"ನೋಡ್ದವ್ರು ಯಾರಿದ್ರು?"

"ಯಾರೂ ಇಲ್ಲ."

"ಹಂಗಾದ್ರ ಇಲ್ದಂಗ ಆತಲ್ರೀ ಅದು," ಎಂದು ಒಳಗೆ ಹೋದಳು.

ನಿವೃತ್ತಿಯಾಯಿತು. ಮೊಣಕಾಲು ನೋವು ಬಂತು. ಹೊಳೆಗೆ ಹೋಗುವುದು ಕಡಿಮೆಯಾಗಿ ಫೋನಿನಲ್ಲಿ ಬೇರೆಯವರ ಮೀನು ನೋಡುವುದು ಹೆಚ್ಚಾಯಿತು. ಅಲ್ಲಿ ಸಮುದ್ರದವರದೇ ಕಾರುಬಾರು. ಮಾರ್ಲಿನ್ ಎಂದು ಒಂದು ಮೀನು ಇದೆ, ಮೂತಿಯಲ್ಲಿ ಈಟಿ, ಬೆನ್ನ ಮೇಲೆ ಎತ್ತರದ ರೆಕ್ಕೆ. ನಮ್ಮ ಎತ್ತಿಗಿಂತ ಭಾರ ಇರುತ್ತದೆ. ಒಂದು ಮಧ್ಯಾಹ್ನ ಒಬ್ಬ ಬಿಳಿಯ ಮುದುಕನ ವಿಡಿಯೊ ಬಂತು. ಹರೆಯದಲ್ಲಿ ತಾನು ಕಳೆದುಕೊಂಡ ಮಾರ್ಲಿನ್ ಬಗ್ಗೆ ಹೇಳುತ್ತಿದ್ದ. ಅವನ ಇಂಗ್ಲಿಷು ನನಗೆ ಅರ್ಧವೇ ತಿಳಿಯಿತು. ಎರಡೂ ಕೈ ಚಾಚಿ, ಸಾಲದೆ, ದೋಣಿಯ ಈ ತುದಿಯಿಂದ ಆ ತುದಿ ತೋರಿಸಿದ. ತೋರಿಸಿ, ಪಕ್ಕದಲ್ಲಿ ಕುಳಿತ ಇನ್ನೊಬ್ಬ ಮುದುಕನ ಕಡೆ ತಿರುಗಿದ. ಅವನು ಆ ದಿನ ದೋಣಿ ನಡೆಸಿದವನಂತೆ. ಅವನು ಹೌದು ಎಂದು ತಲೆ ಆಡಿಸಿದ, ಅಷ್ಟೇ. ಹೇಳುತ್ತಿದ್ದ ಮುದುಕನ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಅಷ್ಟೇ ಕೆಲಸ ನನ್ನದಿತ್ತು, ತಲೆ ಆಡಿಸುವುದು. ಅದನ್ನು ನಾನು ಮಾಡಲಿಲ್ಲ.

ಆ ಗುರುವಾರ ರಾಯಚೂರಿಗೆ ಹೋದೆ. ತಪ್ಪು ಎಲ್ಲಿ ಮಾಡಿದ್ದೆನೋ ಅಲ್ಲೇ ಮೊದಲು ಒಪ್ಪಬೇಕು, ಆಮೇಲೆ ದೇವದುರ್ಗ ಎಂಬುದು ನನ್ನ ಲೆಕ್ಕ. ಚಹಾದಂಗಡಿ ಇತ್ತು. ಹಿರಿಯರು ತೀರಿಹೋಗಿ ಬಹಳ ದಿನಗಳಾಗಿದ್ದವು. ಹಳಬರಲ್ಲಿ ಆಟೋದವನು ಒಬ್ಬನೇ. ಉಳಿದವರು ಹೊಸ ಹುಡುಗರು, ಒಬ್ಬರಿಗೊಬ್ಬರು ಫೋನಿನಲ್ಲಿ ತಮ್ಮ ತಮ್ಮ ಮೀನಿನ ಫೋಟೊ ತೋರಿಸುತ್ತಿದ್ದರು. ನಾನು ಎದ್ದು ನಿಂತು, ತರಗತಿಯಲ್ಲಿ ನಿಂತ ಹಾಗೆ, ಹೇಳಿಬಿಟ್ಟೆ. ಸಾಬರ ಆ ಮೀನು ಮೂರು ಫೂಟಲ್ಲ, ಆರು ಫೂಟು ಒಂದು ಇಂಚು. ನಾನು ಪೂರ್ತಿ ನೋಡಿದ್ದೆ. ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ.

"ಯಾವ ಮೀನ್ರೀ?" ಎಂದ ಆಟೋದವನು. ಅವನಿಗೆ ನಿಜವಾಗಿ ನೆನಪಿರಲಿಲ್ಲ. ಒಬ್ಬ ಹುಡುಗ, "ಫೋಟೊ ಅದ ಏನ್ರೀ ಅಂಕಲ್?" ಎಂದ. ಸ್ವಲ್ಪ ಹೊತ್ತು ಬಿಟ್ಟು ಆಟೋದವನಿಗೆ ಏನೋ ಹೊಳೆಯಿತು. "ದೇವದುರ್ಗದ ಬಳಿಗಾರ ಸಾಬ್ರೇನ್ರೀ? ಅವ್ರು ಹೋದ ಮಳಿಗಾಲದಾಗ ತೀರ್ಕೊಂಡ್ರಲ್ರೀ. ನಿಮಗ ಗೊತ್ತಿಲ್ಲ?"

ನನಗೆ ಗೊತ್ತಿರಲಿಲ್ಲ. ಯಾರು ಹೇಳಬೇಕಿತ್ತು ನನಗೆ?

ಭಾನುವಾರ ದೇವದುರ್ಗದಲ್ಲಿ ಬಸ್ಸಿಳಿದೆ. ಅಂಗಡಿ ತೆರೆದಿತ್ತು. ಅವರ ಜಾಗದಲ್ಲಿ ಮಗಳು ಕುಳಿತಿದ್ದಳು, ಒಬ್ಬ ಹೆಂಗಸಿನ ಕೈ ಒತ್ತಿ ಬಳೆ ಆರಿಸುತ್ತಿದ್ದಳು. ನಾನು ಮಾಸ್ತರ, ನಿಮ್ಮ ಅಬ್ಬಾನ ಜೊತೆ ಹೊಳೆಗೆ ಹೋಗುತ್ತಿದ್ದವನು ಎಂದೆ. ಅವಳ ಕೈ ನಿಂತಿತು.

"ಆ ಮೀನಿನ ಮಾಸ್ತರಾ?" ಎಂದವಳೇ ಒಳಗಿನ ಪರದೆಯ ಕಡೆ ತಿರುಗಿ, "ಅಮ್ಮೀ, ಮಾಸ್ತರ ಆಯೇ!" ಎಂದು ಕೂಗಿದಳು. ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತ ತಾಯಿ ಬಂದರು. ಕುರ್ಚಿ ಹಾಕಿದರು. ಮಗಳು ಬಳೆಯ ಹೆಂಗಸಿಗೆ ನನ್ನನ್ನು ತೋರಿಸಿ, "ನೋಡ್ರೀ ಅಕ್ಕಾ, ತಮಗಿಂತ ಉದ್ದ ಮೀನ ಎತ್ತಿದವ್ರು ಇವ್ರ. ಆರು ಫೂಟು. ನಮ್ ಅಬ್ಬಾ ಕಣ್ಣಾರೆ ನೋಡ್ಯಾರ," ಎಂದಳು. ಆ ಹೆಂಗಸು ನನ್ನ ಐದಡಿ ನಾಲ್ಕಿಂಚನ್ನು ಮೇಲಿಂದ ಕೆಳಗೆ ನೋಡಿದಳು.

"ಇಲ್ಲಮ್ಮಾ. ಅದು ನಿಮ್ಮ ಅಬ್ಬಾನ ಮೀನು. ಎತ್ತಿದವ್ರು ಅವ್ರು. ನೋಡಿದವ ನಾನು," ಎಂದೆ.

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. "ಅಬ್ಬಾ ಹೇಳಿದ್ರು ನೋಡ್ರಿ," ಎಂದಳು ಮಗಳು. "ಮಾಸ್ತರ ಬಂದ್ರ ತಮ್ದಲ್ಲ ಅಂತಾರ, ನಿಮ್ಮ ಅಬ್ಬಾಂದ ಅಂತಾರ. ತಮ್ಮ ಮೀನ ತಾವು ಹೇಳಂಗಿಲ್ಲ, ಅದು ಅವರ ರಿವಾಜು ಅಂತಿದ್ರು."

ನಾನು ಮತ್ತೆ ಹೇಳಿದೆ. ಬೋರ್ಡಿನ ಮೇಲೆ ಲೆಕ್ಕ ಬಿಡಿಸಿದ ಹಾಗೆ ಒಂದೊಂದೇ ಹಂತ ಹೇಳಿದೆ: ತಂಬಿಗೆ, ಕೂಗು, ಕೋಲು, ಬಂಡೆ, ಟೇಪು, ಗುರುವಾರ, ನನ್ನ ಸುಳ್ಳು. ಧ್ವನಿ ಏರಿತು. ಹೇಳಿದಷ್ಟೂ ಅವರ ಕಣ್ಣಲ್ಲಿ ನಾನು ದೊಡ್ಡವನಾಗುತ್ತ ಹೋದೆ. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮಂಥವ್ರು ಯಾರದಾರ್ರೀ ಈಗ? ಅವ್ರು ಸುಳ್ಳು ಹೇಳ್ತಿರಲಿಲ್ರೀ," ಎಂದು ಚಹಾ ತರಲು ಒಳಗೆ ಹೋದರು. ಅವರು ಸುಳ್ಳು ಹೇಳುತ್ತಿರಲಿಲ್ಲ ಎಂದ ಮೇಲೆ ನಾನು ಇನ್ನೇನು ಹೇಳಲಿ?

ಚಹಾ ಬಂತು. ಮಗಳು ಉಳಿದ ಬಳೆ ಏರಿಸತೊಡಗಿದಳು.

"ನಾ ಬರ್ತೀನಿ ಅಂತ ಯಾವಾಗ ಅಂದಿದ್ರಮ್ಮಾ?" ಎಂದು ಕೇಳಿದೆ.

ಅವಳು ತಲೆ ಎತ್ತದೆ, ಕೈಯ ಕೆಲಸ ಬಿಡದೆ ಹೇಳಿದಳು. "ಪ್ರತಿ ಐತಾರ ಅಂತಿದ್ರು. ಮುಂಜಾನಿ ಮೊದಲನೇ ಬಸ್ ಬರೂತನಕ ಗಾಡಿ ಹೊರಗ ತಗದು ನಿಂದರ್ತಿದ್ರು. ಹೋದ ವರ್ಷದ ತನಾನೂ ನಿಂತಾರ್ರೀ."

ನಾನು ಕೂತಲ್ಲಿಂದ ಏಳಲಿಲ್ಲ. ಮೊದಲನೇ ಬಸ್ಸು ಯಾವಾಗಲೋ ಬಂದು ಹೋಗಿತ್ತು.